ಪರಿವೀಕ್ಷಕರು ಅಗೆದ ಒಂದು ಸಾಲು ಆಲೂಗಡ್ಡೆ

ಪ್ರವಾಸಿಗರು ತಂಗುವ ಹಳ್ಳಿಗಳಿಗೆ ದರ್ಜೆಯ ನಕ್ಷತ್ರ ಹಂಚುವ ಪರಿವೀಕ್ಷಕರಾದ ಶ್ರೀ ಎರಾಸ್ಮೋ ಲುಸಾರ್ದೋ ಅವರ ಸನ್ನಿಧಿಗೆ,

ಮಾನ್ಯರೇ,

ವೈರಾಪಂಪದ ಸಮಸ್ತ ಜನರ, ನಮ್ಮ ಹೊರೆ ಹೊರುವ ಲಾಮಾ ಪ್ರಾಣಿಗಳ ಹಾಗೂ ತಾವು ಎರಡು ಬಾರಿ ಎಡವಿದ ನನ್ನ ಅಡುಗೆಮನೆ ಹೊಸ್ತಿಲಿನ ಪರವಾಗಿ ನಮಸ್ಕಾರಗಳು. ಅತಿಥಿಗಳನ್ನು ಸರದಿಯ ಮೇಲೆ ಮನೆಮನೆಗೆ ಹಂಚಿಕೊಳ್ಳುವ ನಮ್ಮೂರಿನಲ್ಲಿ, ಕಳೆದ ಮೇ ತಿಂಗಳು ಆಲೂಗಡ್ಡೆ ಕೀಳುವ ಹೊತ್ತಿಗೆ ತಾವು ನನ್ನ ಪಾಲಿಗೆ ಬಂದದ್ದು ನನ್ನ ಭಾಗ್ಯವೇ ಸರಿ.

ತಮ್ಮ ವರದಿಯನ್ನು ಊರಿನ ಸಭೆಯಲ್ಲಿ ಗಟ್ಟಿಯಾಗಿ ಓದಲಾಯಿತು. ಅಡುಗೆಮನೆಯಲ್ಲಿ ಗಿನಿಯಿಲಿಗಳು ಓಡಾಡುತ್ತವೆ ಎಂದು ಬರೆದಿದ್ದೀರಿ; ನಿಜ, ಹುರಿದು ತಮ್ಮ ತಟ್ಟೆಗೆ ಬಡಿಸಿದ್ದು ಮಾತ್ರ ಓಡಾಡಲಿಲ್ಲ, ಅದಕ್ಕೆ ತಾವೂ ಆಕ್ಷೇಪಿಸಲಿಲ್ಲ. ನಮ್ಮ ಆಲೂಗಡ್ಡೆಗಳ ಬಣ್ಣ ಮತ್ತು ಆಕಾರದಲ್ಲಿ ಏಕರೂಪತೆಯಿಲ್ಲ ಎಂಬ ತಮ್ಮ ಸೂಕ್ಷ್ಮದೃಷ್ಟಿಗೆ ತಲೆಬಾಗುತ್ತೇನೆ. ನಮ್ಮ ಅಜ್ಜಿಯರಿಗೆ ಇದು ಹೊಳೆದಿರಲಿಲ್ಲ. ಆದರೆ ‘ಆತಿಥೇಯರು ಅತಿಥಿಗಳಿಂದ ಪುಕ್ಕಟೆ ದುಡಿಸಿಕೊಳ್ಳುತ್ತಾರೆ’ ಎಂಬ ಕೊನೆಯ ವಾಕ್ಯದಿಂದ ನಾನು ದೊಡ್ಡ ಪೇಚಿಗೆ ಸಿಕ್ಕಿಕೊಂಡಿದ್ದೇನೆ.

ತಪ್ಪು ನನ್ನದೇ. ಮೋಜಿಗೆಂದು ಅಗೆಯುವ ಅತಿಥಿಗಳಿಗೆ ನಾವು ಚಳಿಗೆ, ದಣಿವಿಗೆ ಜಗಿಯುವ ಕೋಕಾ ಎಲೆ ಕೊಡುವುದು ಕೆಲಸ ಮುಗಿದ ಮೇಲೆ. ಕೆಲಸಕ್ಕೆ ಮೊದಲೇ ಹೊಲದ ಬದುವಿನಲ್ಲಿ ಎಲೆ ಪಡೆದವನು ಮುಯ್ಯಾಳು. ಅವನು ದುಡಿದ ದಿನವನ್ನು ನಾವೂ ಅವನ ಹೊಲದಲ್ಲಿ ದುಡಿದೇ ತೀರಿಸಬೇಕು. ತಾವು ಚಳಿಗೆ ನಡುಗುವುದನ್ನು ನೋಡಲಾರದೆ ನಾನು ಮೊದಲೇ ಎಲೆ ಕೊಟ್ಟೆ, ತಾವು ಎರಡೂ ಕೈಯೊಡ್ಡಿ ತೆಗೆದುಕೊಂಡಿರಿ. ಆಮೇಲೆ ಒಂದು ಸಾಲು ಅಗೆದು, ಹನ್ನೊಂದು ಗಡ್ಡೆಗಳನ್ನು ಎರಡೆರಡು ಹೋಳು ಮಾಡಿ, ನನ್ನ ಗುದ್ದಲಿಯ ಕಾವು ಮುರಿದು, ಸೊಂಟ ಹಿಡಿದುಕೊಂಡು ಕೂತಿರಿ. ಆಗ ತೆಗೆಸಿಕೊಂಡ ಫೋಟೋ ವರದಿಯಲ್ಲಿ ಚೆನ್ನಾಗಿ ಬಂದಿತ್ತು.

ವರದಿ ಕೇಳಿದ ಊರಿನ ಅಧ್ಯಕ್ಷ ಕ್ರಿಸಾಂತೋ ಮಾವ ಸಭೆಯಲ್ಲಿ ಎದ್ದುನಿಂತು, “ಸಾಯೇಬ್ರು ಬರ್ದಿರೋದು ಸರಿಯಾಗೇ ಐತೆ ನಾಸಾರಿಯಾ, ಎಲೆ ಕೊಟ್ಟು ಗೇಯಿಸ್ಕಂಡಿದೀಯ. ಮೊದ್ಲು ಅವ್ರ ಮುಯ್ಯಿ ತೀರಿಸ್ಕಂಡು ಬಾ, ಆಮೇಲೆ ಬಿತ್ನೆಗೆ ಆಳು ಕೇಳು” ಎಂದುಬಿಟ್ಟರು. ಕಾಲಿನಿಂದ ಒತ್ತುವ ನಮ್ಮ ನೇಗಿಲಿಗೆ ಇಬ್ಬರು, ಹೆಂಟೆ ಮಗುಚಲು ಇನ್ನೊಬ್ಬರು ಬೇಕು. ಗಂಡನಿಲ್ಲದ ನನಗಿರುವುದು ಎರಡೇ ಕೈ. ಬಿತ್ತನೆ ಗಡ್ಡೆಗಳು ಮೂಲೆಯಲ್ಲಿ ಆಗಲೇ ಮೊಳಕೆಯೊಡೆದಿವೆ. ಹೊಲ ಬೀಳು ಬೀಳುತ್ತದೆ ಎಂಬ ಭಯಕ್ಕಿಂತ, ದುಡಿಸಿಕೊಂಡು ತೀರಿಸದವಳು ಎಂಬ ಹೆಸರು ನನ್ನನ್ನು ಹೆಚ್ಚು ನೋಯಿಸುತ್ತಿದೆ.

ಆದ್ದರಿಂದ ಕಳೆದ ವಾರ ಗುದ್ದಲಿ ಹೊತ್ತು, ಆರು ಗಂಟೆ ಲಾರಿಯಲ್ಲಿ ಕುಲುಕಾಡಿಕೊಂಡು ತಮ್ಮ ಕಚೇರಿಗೆ ಬಂದಿದ್ದೆ. ತಾವು ಸಭೆಯಲ್ಲಿದ್ದಿರಂತೆ. ಕಾವಲುಗಾರ ನನ್ನ ಮಾತೆಲ್ಲ ತಾಳ್ಮೆಯಿಂದ ಕೇಳಿ, “ಸಾಹೇಬ್ರಿಗೆ ಎಲ್ಲಿಯ ಹೊಲ ತಾಯಿ, ಇರೋದು ಕಾರು ನಿಲ್ಸೋ ಜಾಗ. ಗುದ್ದಲಿ ಹೊರಗಿಟ್ಟು ಅರ್ಜಿ ಬರ್ಕೊಡಿ” ಎಂದ. ಬಾಗಿಲ ಬಳಿಯ ಹೂಕುಂಡದ ಮಣ್ಣನ್ನಾದರೂ ಸಡಿಲಿಸಿ ಬಂದೆ. ಕ್ರಿಸಾಂತೋ ಮಾವ ಅದನ್ನು ಕೆಲಸವೆಂದು ಒಪ್ಪಲಿಲ್ಲ.

ಹೀಗಿರುವುದರಿಂದ ತಾವು ದೊಡ್ಡ ಮನಸ್ಸು ಮಾಡಿ, ಕಚೇರಿಯ ಮುಂದಿನ ಸಿಮೆಂಟನ್ನೆಲ್ಲ ಒಡೆಸಿ, ಒಂದು ದಿನದ ಅಗೆತಕ್ಕೆ ಸಾಲುವಷ್ಟು ಹೊಲ ಮಾಡಿಸಿಕೊಡಬೇಕೆಂದು ಬೇಡುತ್ತೇನೆ. ಅದು ನಿಯಮಕ್ಕೆ ವಿರುದ್ಧವಾದರೆ, ಆ ಹನ್ನೊಂದು ಗಡ್ಡೆಗಳ ಹೋಳುಗಳನ್ನು ಮತ್ತೆ ಜೋಡಿಸಿ ಮಣ್ಣಿನಲ್ಲಿ ಹುಗಿದು, ತಾವು ದುಡಿಯಲೇ ಇಲ್ಲ ಎಂಬ ಸ್ಥಿತಿಗೆ ಹೊಲವನ್ನು ತರಬೇಕು. ಕನಿಕರಪಟ್ಟು ಬಿತ್ತನೆಗೆ ಕೈಜೋಡಿಸಲು ಮಾತ್ರ ಬರಬೇಡಿ. ಇನ್ನೊಂದು ಮುಯ್ಯಿ ಹೊರುವ ಶಕ್ತಿ ನನಗಿಲ್ಲ.

ಇನ್ನೂ ತಮ್ಮ ಆಳಾಗಿಯೇ ಉಳಿದಿರುವ,
ತಮ್ಮ ವಿಶ್ವಾಸಿ,
ನಾಸಾರಿಯಾ ಚಂಪಿ

ತಾ.ಕ.: ಉತ್ತರ ಬರಲಿ ಬಿಡಲಿ, ಸೋಮವಾರ ಬೆಳಿಗ್ಗೆ ಹೊಸ ಕಾವು ಹಾಕಿಸಿದ ಅದೇ ಗುದ್ದಲಿಯೊಂದಿಗೆ ಬರುತ್ತೇನೆ, ಕ್ರಿಸಾಂತೋ ಮಾವ ಸಾಕ್ಷಿಗೆ ಬರುತ್ತಾರೆ. ನಮ್ಮಲ್ಲಿ ಮುಯ್ಯಾಳಿಗೆ ಹೊಲದ ಯಜಮಾನನೇ ಮೊದಲು ಎಲೆ ಕೊಟ್ಟು, ಮಧ್ಯಾಹ್ನ ಬಿಸಿ ಊಟ ಬಡಿಸಬೇಕು. ತಮಗೆ ಎಷ್ಟು ನಕ್ಷತ್ರ ಕೊಡಬೇಕೆಂಬುದನ್ನು ಊಟವಾದ ಮೇಲೆ ನಾನು ಬರೆದು ಕಳಿಸುತ್ತೇನೆ.