ಬಾಗಿದ ಬೆನ್ನನ್ನು ಮುಗಿಯದ ನಮಸ್ಕಾರವೆಂದು ಪರಿಗಣಿಸದಿರುವ ಕುರಿತು

ಮಿನೆಹಾರ ಪಟ್ಟಣ ಕಚೇರಿ
ಹಿರಿಯರ ನಿಲುವು ಮತ್ತು ಬಾಗುವಿಕೆ ವಿಭಾಗ
(ಜಪಾನಿನಲ್ಲಿ ಇಂಥದ್ದು ಇದೊಂದೇ; ಚಂದ್ರನಲ್ಲಿ ಇದೆಯೇ ಎಂದು ವಿಚಾರಿಸಲಾಗುತ್ತಿದೆ)

ಸಂಖ್ಯೆ: ಹಿನಿಬಾ/ಬೆನ್ನು/87
ದಿನಾಂಕ: ಏಪ್ರಿಲ್ 3

ಉಲ್ಲೇಖ: ಶ್ರೀಮತಿ ಸುಗಿನೊ ಇನೆ (87) ಅವರ, ಮೂರು ವರ್ಷಗಳಿಂದ ‘ಸಲ್ಲಿಕೆಯ ಹಂತದಲ್ಲಿರುವ’ ಅರ್ಜಿ.

1. ಬೆಳಗಿನ ಸಂತೆಯಲ್ಲಿ ಮೂಲಂಗಿ ಉಪ್ಪಿನಕಾಯಿ ಮಾರುವ ಸದರಿ ಇನೆ ಅವರು ತಮ್ಮ ಜಾಗದ ಪರವಾನಗಿ ನವೀಕರಿಸಲು ಬಂದಾಗ, ಕೌಂಟರಿನ ಶ್ರೀ ಕಜಿಮೋತೊ ಅವರು ಆಕೆಯ ಬಾಗಿದ ಬೆನ್ನನ್ನು ನಮಸ್ಕಾರವೆಂದು ಭಾವಿಸಿ, ವಾಡಿಕೆಯಂತೆ ಇನ್ನೂ ಕೆಳಕ್ಕೆ ಬಾಗಿದರು. ಹಿರಿಯರು ಏಳುವ ಮುನ್ನ ಕಿರಿಯರು ಏಳುವಂತಿಲ್ಲ. ಹಿರಿಯರು ಏಳಲಿಲ್ಲ. ಕಚೇರಿ ಮುಚ್ಚುವ ಗಂಟೆ ಹೊಡೆಯಿತು. ಹೀಗೆ ಮುನ್ನೂರ ಹನ್ನೊಂದು ಬಾರಿ. ಈ ತಿಂಗಳ ಹತ್ತರೊಳಗೆ ಪರವಾನಗಿ ಸಿಗದಿದ್ದಲ್ಲಿ ಆಕೆಯ ನಲವತ್ತು ವರ್ಷದ ಜಾಗ ಪಕ್ಕದಲ್ಲಿ ಆಕ್ಟೋಪಸ್ ಉಂಡೆ ಕರಿದು ಮಾರುವವರ ಪಾಲಾಗಲಿದೆ.

2. ವಿಚಾರಣೆಯಲ್ಲಿ ದಾಖಲಾದ ಮಾತುಗಳು, ಯಥಾವತ್ತಾಗಿ:
ಕಜಿಮೋತೊ: “ಅಜ್ಜೀ, ದಯವಿಟ್ಟು ಏಳಿ. ನನ್ನ ಸೊಂಟ ಹೋಯ್ತು.”
ಇನೆ: “ಎದ್ದೇ ನಿಂತಿದೀನಲ್ಲೋ ಪುಣ್ಯಾತ್ಮಾ! ಇದಕ್ಕಿಂತ ಎದ್ರೆ ಹಿಂದಕ್ಕೆ ಬೀಳ್ತೀನಿ. ಮೂರು ವರ್ಷದಿಂದ ನಿನ್ನ ಬೂಟೇ ನೋಡ್ತಿದೀನಿ, ಎಡಗಾಲಿಂದು ಬಾಯಿ ಬಿಟ್ಟಿದೆ, ಹೊಲಿಸ್ಕೊ. ಮೊದ್ಲು ಆ ಕಾಗದ ಕೊಡು, ನನ್ನ ಮೂಲಂಗಿ ಹುಳಿಯಾಗ್ತಿದೆ.”

3. ವಯಸ್ಸಾದಂತೆ ಬೆನ್ನೆಲುಬಿನ ನಡುವಣ ಮೆತ್ತೆಗಳು ಒಣಗಿ ತೆಳುವಾಗುತ್ತವೆ, ಮೇಲ್ಬೆನ್ನು ಗೂನಾಗುತ್ತದೆ, ತಲೆ ದೇಹಕ್ಕಿಂತ ಮುಂದೆ ಹೊರಡುತ್ತದೆ, ಅದನ್ನು ಬೀಳದಂತೆ ಹಿಡಿಯಲು ಮೊಣಕಾಲು ಮಡಚಿಕೊಳ್ಳುತ್ತದೆ. ಇದು ಯಾರಿಗೂ ಸಲ್ಲಿಸಿದ ಗೌರವವಲ್ಲವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ. ಇದುವರೆಗೆ ತಪ್ಪಾಗಿ ಸ್ವೀಕರಿಸಿದ ಗೌರವವನ್ನು ಸಿಬ್ಬಂದಿಯು ಏಳು ದಿನಗಳೊಳಗೆ ಹಿಂತಿರುಗಿಸತಕ್ಕದ್ದು.

4. ಅನುಮಾನವಿದ್ದಲ್ಲಿ ಹಿರಿಯರನ್ನು ಗೋಡೆಯ ಎದುರು ನಿಲ್ಲಿಸಿ ಪರೀಕ್ಷಿಸುವುದು. ಗೋಡೆಗೂ ಬಾಗಿದರೆ ಅದು ಬೆನ್ನು. ಗೋಡೆಯೇ ಪ್ರತಿಯಾಗಿ ಬಾಗಿದರೆ ಕಟ್ಟಡ ವಿಭಾಗಕ್ಕೆ ವರದಿ ಮಾಡಿ ಹೊರಗೆ ಓಡುವುದು.

5. ಮದುವೆಯ ಕಾಲದ ದಾಖಲೆಗಿಂತ ಇನೆ ಅವರ ಎತ್ತರವು ಹನ್ನೆರಡು ಸೆಂಟಿಮೀಟರ್ ಕಡಿಮೆಯಿದ್ದು, ಸದರಿ ಉದ್ದವನ್ನು ಕಳೆದುಹೋದ ವಸ್ತುಗಳ ಕೋಣೆಯಲ್ಲಿ ಮೂರು ದಿನ ಹುಡುಕಲಾಯಿತು. ಎರಡು ಕೊಡೆ, ಒಂದು ಹಲ್ಲುಸೆಟ್ಟು ಮಾತ್ರ ದೊರೆತಿವೆ. ಕೊರತೆಯನ್ನು ಮನ್ನಾ ಮಾಡಲಾಗಿದೆ.

6. ಮೇಲ್ಕಂಡ ಕಾರಣಗಳಿಂದ ಪರವಾನಗಿಯನ್ನು ಮಂಜೂರು ಮಾಡಲಾಗಿದೆ. ಅದನ್ನು ಪಡೆಯಲು ತಲೆಯೆತ್ತುವಂತೆ ಯಾರನ್ನೂ ಒತ್ತಾಯಿಸತಕ್ಕದ್ದಲ್ಲ.

(ಸಹಿ)
ಒರಿಯಾಮಾ
ಮುಖ್ಯ ಬಾಗುವಿಕೆ ಅಧಿಕಾರಿ

ಪ್ರತಿಗಳು:
ಶ್ರೀ ಕಜಿಮೋತೊ ಅವರಿಗೆ, ಮೂಳೆ ವೈದ್ಯರ ಮುಖಾಂತರ.
ಆಕ್ಟೋಪಸ್ ಉಂಡೆಯವರಿಗೆ, ವಿಷಾದದೊಂದಿಗೆ.
ಶ್ರೀಮತಿ ಇನೆ ಅವರಿಗೆ: ಓದಲು ಅನುಕೂಲವಾಗುವಂತೆ ಪ್ರತಿಯನ್ನು ಸಂತೆಯಲ್ಲಿ ಅವರದೇ ಜಾಗದ ನೆಲಕ್ಕೆ ಅಂಟಿಸಲಾಗಿದೆ. ಅವರು ಓದಿ ಮುಗಿಸಿ ಅದರ ಮೇಲೆಯೇ ಮೂಲಂಗಿ ಹರಡಿ ವ್ಯಾಪಾರಕ್ಕೆ ಕುಳಿತಿರುವುದರಿಂದ, ಸುತ್ತೋಲೆಯನ್ನು ಓದಬಯಸುವ ಉಳಿದ ಸಾರ್ವಜನಿಕರು ಮೊದಲು ಮೂಲಂಗಿಯನ್ನು ಕೊಂಡು ಖಾಲಿ ಮಾಡತಕ್ಕದ್ದು.