ಮೊದಲು ಗಂಡನಿಗೆ

ತಾಯಮ್ಮ: ಬಾಗಿಲು ತೆಗೀರಿ ಅಂದ್ರೆ! ಒಂದೇ ಡೋಸ್ ಉಳ್ದಿರೋದು. ಸಿಸ್ಟರು ವಾಪಸ್ ಹೊಂಟೋಗ್ತಾರೆ.

ಜವರಯ್ಯ: ಹೋಗ್ಲಿ ಬುಡು. ನಾನೇನು ಸಾವಿಗೆ ಹೆದ್ರೋ ಮಗ ಅಲ್ಲ.

ಈ ಶೂರವಾಣಿ ಬಂದದ್ದು ಕಾಫಿ ಸ್ಟೋರಿನ ಒಳಗಿನಿಂದ. ಹಾನುಬಾಳಿನ ಜವರಯ್ಯ ಅಗಳಿ ಹಾಕಿಕೊಂಡು ಮೂಟೆಗಳ ಹಿಂದೆ ಕೂತಿದ್ದ. ಕೊರೋನಾ ಹೆಸರಿನಲ್ಲಿ ಊರಿನ ಕಷಾಯವನ್ನೆಲ್ಲ ಕುಡಿದಿದ್ದ. ಲಸಿಕೆ ಅಂದರೆ ಮಾತ್ರ ಓಟ ಕೀಳುತ್ತಿದ್ದ. ಹೊರಗೆ ಹೆಂಡತಿ ತಾಯಮ್ಮ, ಅಂಗಳದ ಆಚೆ ಲಸಿಕೆ ಡಬ್ಬ ಹಿಡಿದ ನರ್ಸ್ ಶ್ವೇತಾ.

ಜವರಯ್ಯ: ಬಾಳ್ಳುಪೇಟೇಲಿ ಒಬ್ಬ ಸೂಜಿ ಚುಚ್ಚಿಸ್ಕಂಡು ಮೂರನೇ ದಿನಕ್ಕೇ ಹೋಗ್ಬುಟ್ನಂತೆ.

ತಾಯಮ್ಮ: ಅವನು ಬೈಕಿಂದ ಬಿದ್ದು ಹೋಗಿದ್ದು ಕಣ್ರೀ!

ಜವರಯ್ಯ: ಯಾವ್ದಾದ್ರೇನು, ಹೋದ್ನೋ ಇಲ್ವೋ?

ತಾಯಮ್ಮ: ಮೊದ್ಲೇ ನಿಮ್ಗೆ ದಮ್ಮಿನ ಕಾಯಿಲೆ. ಹೆಚ್ಚುಕಮ್ಮಿ ಆದ್ರೆ ನನ್ ಗತಿಯೇನು?

ಜವರಯ್ಯ ಕರಗಿಹೋದ. ನಲವತ್ತು ವರ್ಷದಿಂದ ತನಗೆ ಬಡಿಸದೆ ಒಂದು ತುತ್ತು ಬಾಯಿಗಿಡದ ಹೆಂಗಸು! ಎದ್ದು ಬಂದು ಅಗಳಿಗೆ ಕೈ ಹಾಕಿದ.

ಜವರಯ್ಯ: ನೀನು ಹಾಕಿಸ್ಕಂಡ್ಯಾ?

ತಾಯಮ್ಮ: ಗಂಡನಿಗಿಂತ ಮುಂಚೆಯಾ? ನಮ್ಮನೇಲಿ ಆ ಪದ್ಧತಿ ಇಲ್ಲ. ನಿಮ್ದಾಗ್ಲಿ, ಮೂರು ದಿನ ಬುಟ್ಟು ನಾನೂ ಹಾಕಿಸ್ಕತೀನಿ.

ಅಗಳಿಯ ಮೇಲಿನ ಕೈ ಅಲ್ಲೇ ನಿಂತಿತು.

ಜವರಯ್ಯ: ಮೂರು ದಿನ ಯಾಕೆ?

ತಾಯಮ್ಮ ನರ್ಸ್ ಕಡೆ ತಿರುಗಿ, ಒಂದು ನಿಮಿಷ ಅಂತ ಕೈ ತೋರಿಸಿದಳು.

ಜವರಯ್ಯ: ಮಾರಾಯ್ತಿ, ಕಾಡಣಬೆ ಸಾರು ಮಾಡ್ದಾಗೆಲ್ಲ ನಂಗೊಬ್ಬನಿಗೇ ಬಡ್ಸಿ, ಎದುರಿಗೆ ಕೂತು ಮುಖ ನೋಡ್ತಿದ್ಯಲ್ಲ...

ತಾಯಮ್ಮ: ಅಣಬೇನ ನಂಬೋಕಾಯ್ತದಾ?

ಜವರಯ್ಯ: ನಾನು ಪ್ರೀತಿ ಅಂದ್ಕಂಡಿದ್ದೆ ಕಣೇ!

ತಾಯಮ್ಮ: ಪ್ರೀತಿನೂ ಇತ್ತು. ಅನುಮಾನಾನೂ ಇತ್ತು.

ಬಾಗಿಲು ದಡಾರನೆ ತೆರೆಯಿತು.

ಜವರಯ್ಯ: ಸಿಸ್ಟರ್, ಇವಳಿಗೆ ಹಾಕಿ!

ತಾಯಮ್ಮ: ಇಲ್ಲ, ಅವ್ರಿಗೇ ಹಾಕಿ!

ಶ್ವೇತಾ: ಅಯ್ಯೋ, ಈ ವಯಸ್ಸಲ್ಲೂ ಒಬ್ಬರಿಗೊಬ್ಬರು ಎಷ್ಟು ಬಿಟ್ಟುಕೊಡ್ತೀರಿ! ಉಳಿದವರಿಗೆ ಮೂರು ದಿನ ಬಿಟ್ಟು ಗುರುವಾರ ಬಂದು ಹಾಕ್ತೀನಿ.

ಅಷ್ಟರಲ್ಲಿ ಸ್ಟೋರಿನ ಧೂಳಿಗೆ ಜವರಯ್ಯನಿಗೆ ಕೆಮ್ಮು ಹತ್ತಿತು. ಉಸಿರು ಎಳೆದೂ ಎಳೆದೂ ಬಾಗಿಲಿಗೆ ಒರಗಿದ. ತಾಯಮ್ಮ ಒಂದು ಗಳಿಗೆ ಅವನನ್ನು ನೋಡಿದವಳು, ಕಣ್ಣು ಗಟ್ಟಿಯಾಗಿ ಮುಚ್ಚಿ ತೋಳು ಚಾಚಿದಳು.

ತಾಯಮ್ಮ: ನಂಗೇ ಚುಚ್ಚಿ ತಾಯಿ. ಗುರುವಾರಕ್ಕೆ ನಾನು ನೆಟ್ಟಗಿದ್ರೆ ಇವ್ರ ನೆಪ ಮುಗೀತದೆ.

ನರ್ಸ್ ಹೋದ ಮೇಲೆ ಜವರಯ್ಯ ಮಣೆ ತಂದು ಹೆಂಡತಿಯ ಎದುರಿಗೆ ಹಾಕಿ ಕೂತ. ಅವಳ ಮುಖದಿಂದ ಕಣ್ಣು ಕೀಳಲಿಲ್ಲ.

ತಾಯಮ್ಮ: ಏನು ಹಂಗೆ ನೋಡ್ತೀರಿ?

ಜವರಯ್ಯ: ಪ್ರೀತಿ ಕಣೇ. ಗುರುವಾರದವರೆಗೂ ಹಿಂಗೇ ಇರ್ತದೆ.