ಅವ್ವನ ಕೆಲಸಕ್ಕೆ ಬಿದ್ದ ಕಂಪ್ಯೂಟರ್

ನಾನು ಎಂಟನೆಯ ತರಗತಿಯಲ್ಲಿದ್ದಾಗ ವಿದ್ಯಾನಗರದ ನಮ್ಮ ಮನೆಗೆ ಮೊದಲ ಕಂಪ್ಯೂಟರ್ ಬಂತು. ಅಂದಿನಿಂದ ನಮ್ಮಲ್ಲಿ ಕಂಪ್ಯೂಟರಿಗೆ ಅದರದಲ್ಲದ ಕೆಲಸ ಬೀಳುತ್ತಲೇ ಇದೆ.

ಕಾಯ್ದೆ

ಅಪ್ಪನದು ಅರಳೆ ವ್ಯಾಪಾರ. ಮನೆಯಲ್ಲಿ ಅವರದೊಂದು ಕಾಯ್ದೆ: ಒಂದು ಸಾಮಾನು ಒಳಗೆ ಬಂದರೆ ಒಂದು ಹೊರಗೆ ಹೋಗಬೇಕು. ಅವರ ಆರಾಮ ಕುರ್ಚಿಗೆ ಮಾತ್ರ ಇದು ತಟ್ಟಿರಲಿಲ್ಲ. ಕಂಪ್ಯೂಟರ್ ಬಂದ ದಿನ ಅವ್ವನ ಹೊಲಿಗೆ ಮಷಿನ್ ಸುಳ್ಳ ಎಂಬ ಊರಿನ ಅತ್ತೆಯ ಮನೆಗೆ ಹೋಯಿತು.

"ಅದು ಜಂಪರ್ ಹೊಲೀತಿತ್ತು. ಇದು ಏನ್ ಮಾಡತೈತಿ?" ಅವ್ವ ಕೇಳಿದಳು.

"ಎಲ್ಲಾ ಕೆಲಸ ಮಾಡತೈತವ್ವಾ."

"ಎಲ್ಲಾ? ಹಂಗಾರ ನೋಡೂಣು."

ಥಂಡಿ

ಆ ಚಳಿಗಾಲದಲ್ಲಿ ಮೊಸರು ಹೆಪ್ಪುಗಟ್ಟಲಿಲ್ಲ. ಒಂದು ಸಂಜೆ ನೋಡಿದರೆ, ಕಂಪ್ಯೂಟರಿನ ಸಿಪಿಯು ಡಬ್ಬದ ಮೇಲೆ ಹೆಪ್ಪು ಹಾಕಿದ ಹಾಲಿನ ಪಾತ್ರೆ.

"ಅವ್ವಾ, ಚೆಲ್ಲಿದ್ರ ಸುಟ್ಟು ಹೋಗತೈತಿ."

"ಬೆಚ್ಚಗ ಐತಿ. ಸುಮ್ನ ಇರು."

ಥರ್ಮಾಮೀಟರ್ ಇಟ್ಟು ನೋಡಿದೆ. ಅವ್ವನ ಮಾತು ಸರಿಯಿತ್ತು. ಮರುದಿನ ಮೊಸರು ಗಟ್ಟಿಯಾಗಿತ್ತು.

ಪರೀಕ್ಷೆ ಬಂತು. ನಾನು ಕಂಪ್ಯೂಟರ್ ಬಂದ್ ಮಾಡಿ ಪುಸ್ತಕ ಹಿಡಿದೆ. ಅವ್ವ ಅಡುಗೆಮನೆಯಿಂದ ಕೂಗಿದಳು: "ಯಾಕ ಬಂದ್ ಮಾಡಿದಿ? ಇನ್ನೊಂದೀಟು ಗೇಮ್ ಆಡವಾ."

ಬಿಡಿಭಾಗ

ಕಾಲೇಜಿಗೆ ಹೋಗುವ ಹೊತ್ತಿಗೆ ಅದರ ಹಾರ್ಡ್ ಡಿಸ್ಕ್, ಕೀಬೋರ್ಡ್, ಫ್ಯಾನು ಎಲ್ಲವನ್ನೂ ನಾನೇ ಬದಲಿಸಿದ್ದೆ. ಹೊಸದು ಒಳಗೆ, ಹಳೆಯದು ಹೊರಗೆ. ಅಪ್ಪನಿಗೆ ಖುಷಿ. ಮೊದಲಿನದು ಅಂತ ಉಳಿದದ್ದು ಡಬ್ಬ ಮಾತ್ರ. ಅವ್ವನಿಗೆ ಬೇಕಾದದ್ದೂ ಅಷ್ಟೇ.

ರವಿವಾರ

ಎಂ.ಎಸ್‌ಸಿ.ಗೆ ಲ್ಯಾಪ್‌ಟಾಪ್ ಬಂತು. ಅಪ್ಪ ಹಳೆಯ ಕಂಪ್ಯೂಟರ್ ಒಯ್ಯಲು ಗುಜರಿಯವನಿಗೆ ರವಿವಾರ ಬರಹೇಳಿದರು. ನಾನು ಒಂದೊಂದು ತಿರುಪು ಬಿಚ್ಚಿ ಕಟ್ಟಿದ ಯಂತ್ರ ಅದು. ಕೇಳಿಕೊಂಡೆ, ವಾದಿಸಿದೆ. "ಕಾಯ್ದೆ ಅಂದ್ರ ಕಾಯ್ದೆ" ಅಂದರು.

ನಾನು ವಾದ ಬಿಟ್ಟು ಪ್ರಯೋಗಕ್ಕೆ ಇಳಿದೆ.

"ಅವ್ವಾ, ಈ ವಾರ ಹಳೇದು ಚಾಲೂ ಮಾಡಂಗಿಲ್ಲ."

ಅವ್ವ ನನ್ನನ್ನು ನೋಡಿದಳು. "ತಿಳೀತು" ಅಂದಳು. ಹಾಲಿನ ಪಾತ್ರೆಯನ್ನು ಮಾತ್ರ ತಣ್ಣಗಿನ ಡಬ್ಬದ ಮೇಲೇ ಇಟ್ಟಳು.

ಹೊರಗೆ ಥಂಡಿ ಚೆನ್ನಾಗಿತ್ತು. ಅಪ್ಪನಿಗೆ ಮೊಸರಿಲ್ಲದೆ ರೊಟ್ಟಿ ಇಳಿಯುವುದಿಲ್ಲ. ಮೂರನೆಯ ದಿನ ಬಟ್ಟಲು ಅಲುಗಾಡಿಸಿ ಕೇಳಿದರು: "ಇದು ಮೊಸರೋ, ಹಾಲೋ?"

"ನಿಮ್ಮ ಕಾಯ್ದೇನ ಕೇಳ್ರಿ" ಎಂದಳು ಅವ್ವ.

ಅಪ್ಪ ಲ್ಯಾಪ್‌ಟಾಪನ್ನು ಮುಟ್ಟಿ ನೋಡಿದರು. "ಇದರ ಮ್ಯಾಲ ಇಟ್ರ?"

"ಮುಚ್ಚಿದ್ರ ಬಂದ್ ಆಗತೈತಿ. ತೆರೆದ್ರ ಎಲ್ಲಿ ಇಡತೀರಿ?" ಅಂದೆ.

ರವಿವಾರ ಗುಜರಿಯವನು ಬಂದ. "ಸಾವಕಾರ್ರ, ಕಂಪ್ಯೂಟರ್ ಎಲ್ಲೈತ್ರಿ?"

"ಅದು ಕೆಲಸದಾಗ ಐತಿ. ನೀ ಹೋಗು" ಎಂದರು ಅಪ್ಪ.

"ಬರಿಗೈಲೆ ಯಾಕ ಕಳಸ್ತೀರಿ?" ಅವ್ವ ಬಾಗಿಲಿಗೆ ಬಂದಳು. "ಒಂದು ಒಳಗ ಬಂದೈತಿ. ಒಂದು ಹೊರಗ ಹೋಗಬೇಕಲ್ಲ." ಹೇಳುತ್ತಾ ಅಪ್ಪ ಕೂತಿದ್ದ ಆರಾಮ ಕುರ್ಚಿಯ ಕಡೆ ನೋಡಿದಳು.

ಗುಜರಿಯವನೂ ನೋಡಿದ. ಅಪ್ಪ ಸಾವಕಾಶ ಎದ್ದು ನಿಂತರು.

ಈಗ ನಮ್ಮ ಮನೆಯಲ್ಲಿ ಕಂಪ್ಯೂಟರ್ ಎರಡು, ಆರಾಮ ಕುರ್ಚಿ ಸೊನ್ನೆ.